ತಪ್ಪು ಅಚ್ಚಾಗಿ ಹೋದರೆ: ಜಾಹೀರಾತು ಮತ್ತು ಪ್ರಕಾಶನದಲ್ಲಿ ಯಾರ ಕೆಲಸ ಏನು, ಎಡವಟ್ಟು ತಡೆಯುವುದು ಹೇಗೆ

ಜಾಹೀರಾತು ಏಜೆನ್ಸಿಗೋ ಪುಸ್ತಕ ಪ್ರಕಾಶನಕ್ಕೋ ಹೊಸದಾಗಿ ಸೇರಿದವರು ಎರಡು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಮೊದಲನೆಯದು, ‘ಇಲ್ಲಿ ಇಷ್ಟೊಂದು ಹುದ್ದೆಗಳಿವೆಯಲ್ಲ, ಯಾರು ಏನು ಮಾಡುತ್ತಾರೆ?’ ಎರಡನೆಯದು ಹೆಚ್ಚಾಗಿ ಗಾಬರಿಯಲ್ಲೇ ಬರುತ್ತದೆ. ‘ತಪ್ಪು ಅಚ್ಚಾಗಿ ಹೋಗಿದೆ, ಈಗ ಏನು ಮಾಡಲಿ?’

ಎರಡಕ್ಕೂ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ. ಕಾರಣವಿದೆ. ಈ ಕ್ಷೇತ್ರದ ದೊಡ್ಡ ತಪ್ಪುಗಳು ಹೆಚ್ಚಾಗಿ ಆಗುವುದು ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ. ‘ಅವರು ನೋಡಿರುತ್ತಾರೆ’ ಅಂತ ಇವರು ಸುಮ್ಮನಿರುತ್ತಾರೆ, ‘ಇವರು ನೋಡುತ್ತಾರೆ’ ಅಂತ ಅವರು ಕಳಿಸಿಬಿಡುತ್ತಾರೆ. ಯಾರ ಕೆಲಸ ಎಲ್ಲಿ ಮುಗಿಯುತ್ತದೆ ಅನ್ನುವುದು ಗೊತ್ತಿದ್ದರೆ ತಪ್ಪು ನುಸುಳುವ ಜಾಗವೂ ಗೊತ್ತಾಗುತ್ತದೆ.

ಶುರು ಮಾಡುವ ಮುಂಚೆ ನಿಮ್ಮ ಹತ್ತಿರ ಇಷ್ಟಿರಲಿ. ಒಂದು ನೋಟ್‌ಬುಕ್. ಒಂದು ಕೆಂಪು ಪೆನ್ನು. ಕೊನೆಯದಾಗಿ ಒಪ್ಪಿಗೆ ಸಿಕ್ಕ ಪ್ರತಿ. ಕಚೇರಿಯ ಸ್ಟೈಲ್ ಶೀಟ್, ಅಂದರೆ ಯಾವ ಪದವನ್ನು ಹೇಗೆ ಬರೆಯಬೇಕು, ದಿನಾಂಕ ಮತ್ತು ಅಂಕಿಗಳನ್ನು ಹೇಗೆ ಕೊಡಬೇಕು ಎಂದು ಬರೆದಿಟ್ಟ ಹಾಳೆ. ಅದು ಇಲ್ಲದಿದ್ದರೆ ನೀವೇ ಒಂದು ಶುರು ಮಾಡಿ. ಕೊನೆಯದಾಗಿ ಫೋನ್ ನಂಬರುಗಳ ಪಟ್ಟಿ. ಮುದ್ರಣಾಲಯದಲ್ಲಿ ರಾತ್ರಿ ಪಾಳಿಯಲ್ಲಿ ಇರುವವರ ನಂಬರ್ ಆ ಪಟ್ಟಿಯಲ್ಲಿ ಇರಲೇಬೇಕು. ಮುದ್ರಣ ಎಷ್ಟೋ ಸಲ ರಾತ್ರಿಯೇ ನಡೆಯುತ್ತದೆ, ನಿಲ್ಲಿಸಲು ಆಗ ಅವರೊಬ್ಬರಿಂದಲೇ ಸಾಧ್ಯ.

1. ಯಾರ ಕೆಲಸ ಏನು ಎಂದು ಮೊದಲು ಬರೆದುಕೊಳ್ಳಿ

ಜಾಹೀರಾತಿನಿಂದ ಶುರು ಮಾಡೋಣ.

ಕ್ಲೈಂಟ್ ಸರ್ವಿಸಿಂಗ್‌ನವರು ಗ್ರಾಹಕ ಸಂಸ್ಥೆಗೂ ಏಜೆನ್ಸಿಗೂ ನಡುವಿನ ಕೊಂಡಿ. ಕೆಲವು ಕಡೆ ಇವರನ್ನು ಅಕೌಂಟ್ ಎಕ್ಸಿಕ್ಯೂಟಿವ್ ಅನ್ನುತ್ತಾರೆ. ಇಲ್ಲಿ ‘ಅಕೌಂಟ್’ ಎಂದರೆ ಗ್ರಾಹಕ ಸಂಸ್ಥೆ, ಲೆಕ್ಕಪತ್ರಕ್ಕೂ ಅದಕ್ಕೂ ಸಂಬಂಧವಿಲ್ಲ. ಇವರ ಮುಖ್ಯ ಕೆಲಸ ಬ್ರೀಫ್ ತರುವುದು. ಯಾವ ವಸ್ತು, ಯಾರಿಗೆ ಹೇಳಬೇಕು, ಏನು ಹೇಳಬೇಕು, ಯಾವತ್ತಿಗೆ ಬೇಕು ಎಂಬ ಟಿಪ್ಪಣಿಯೇ ಬ್ರೀಫ್. ಪ್ಲಾನರ್ ಎಂಬವರು ಕೊಳ್ಳುವವರ ಮನಸ್ಸನ್ನು ಅಧ್ಯಯನ ಮಾಡಿ ಆ ಬ್ರೀಫನ್ನು ಹರಿತ ಮಾಡುತ್ತಾರೆ. ಈ ಹುದ್ದೆ 1960ರ ದಶಕದ ಕೊನೆಯಲ್ಲಿ ಲಂಡನ್ನಿನ ಏಜೆನ್ಸಿಗಳಲ್ಲಿ ರೂಪುಗೊಂಡಿತು.

ಕಾಪಿರೈಟರ್ ಮಾತು ಬರೆಯುತ್ತಾರೆ, ಆರ್ಟ್ ಡೈರೆಕ್ಟರ್ ದೃಶ್ಯ ಕಟ್ಟುತ್ತಾರೆ. ಹಿಂದೆ ಈ ಇಬ್ಬರೂ ಬೇರೆ ಬೇರೆ ಕೋಣೆಗಳಲ್ಲಿ ಕೆಲಸ ಮಾಡುತ್ತಿದ್ದರು. ಅವರನ್ನು ಒಟ್ಟಿಗೆ ಕೂರಿಸಿ ಜೋಡಿಯಾಗಿ ಕೆಲಸ ಮಾಡಿಸಿದ ಕೀರ್ತಿ ಬಿಲ್ ಬರ್ನ್‌ಬಾಕ್ ಅವರಿಗೆ ಸಲ್ಲುತ್ತದೆ. 1949ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ಡಾಯ್ಲ್ ಡೇನ್ ಬರ್ನ್‌ಬಾಕ್ ಏಜೆನ್ಸಿಯ ಮೂವರು ಸ್ಥಾಪಕರಲ್ಲಿ ಅವರೂ ಒಬ್ಬರು. ಈ ಜೋಡಿಯ ಕೆಲಸಕ್ಕೆ ಒಪ್ಪಿಗೆ ಕೊಡುವವರು ಕ್ರಿಯೇಟಿವ್ ಡೈರೆಕ್ಟರ್.

ಇಲ್ಲೊಂದು ಗೊಂದಲ ಬಿಡಿಸಿಬಿಡುತ್ತೇನೆ. ಕನ್ನಡದಲ್ಲಿ ಬರೆದಾಗ ‘ಕಾಪಿರೈಟರ್’ ಮತ್ತು ‘ಕಾಪಿರೈಟ್’ ಒಂದೇ ಬೇರಿನ ಪದಗಳಂತೆ ಕಾಣುತ್ತವೆ. ಕಾಪಿರೈಟರ್ ಎಂದರೆ ಜಾಹೀರಾತಿನ ಬರಹಗಾರ. ಕಾಪಿರೈಟ್ ಎಂದರೆ ಕೃತಿಸ್ವಾಮ್ಯ, ಕೃತಿಯ ಮೇಲಿನ ಕಾನೂನು ಹಕ್ಕು. ಕೆಲಸಕ್ಕೆ ಅರ್ಜಿ ಹಾಕುವವರು ಎಷ್ಟೋ ಸಲ ಇವೆರಡನ್ನೂ ಅದಲುಬದಲು ಮಾಡುತ್ತಾರೆ.

ಟ್ರಾಫಿಕ್ ಎಂಬ ವಿಭಾಗವನ್ನು ಹೊಸಬರು ಗಮನಿಸುವುದೇ ಇಲ್ಲ. ಯಾವ ಕೆಲಸ ಈಗ ಯಾರ ಮೇಜಿನ ಮೇಲಿದೆ, ಯಾವಾಗ ಹೊರಗೆ ಹೋಗಬೇಕು ಎಂದು ಲೆಕ್ಕ ಇಡುವವರು ಇವರು. ಮೊದಲ ದಿನವೇ ಇವರ ಪರಿಚಯ ಮಾಡಿಕೊಳ್ಳಿ. ಏನಾದರೂ ಎಡವಟ್ಟಾದಾಗ ‘ಯಾವ ಫೈಲ್ ಎಷ್ಟು ಹೊತ್ತಿಗೆ ಹೋಯಿತು’ ಎಂದು ಹೇಳಬಲ್ಲವರು ಇವರೇ. ಸ್ಟುಡಿಯೊದವರು ಕೊನೆಯ ಫೈಲ್ ಸಿದ್ಧ ಮಾಡುತ್ತಾರೆ. ಯಾವ ಪತ್ರಿಕೆ, ಯಾವ ಚಾನೆಲ್, ಎಷ್ಟು ಸಲ ಎಂದು ಮೀಡಿಯಾ ಪ್ಲಾನರ್ ಯೋಜನೆ ಹಾಕುತ್ತಾರೆ, ಬೈಯರ್ ಆ ಜಾಗವನ್ನು ಕೊಳ್ಳುತ್ತಾರೆ.

ಇನ್ನು ಪ್ರಕಾಶನ. ಕಮಿಷನಿಂಗ್ ಎಡಿಟರ್ ಯಾವ ಪುಸ್ತಕ ತರಬೇಕು ಎಂದು ಆರಿಸಿ ಲೇಖಕರ ಜೊತೆ ಒಪ್ಪಂದ ಮಾಡಿಸುತ್ತಾರೆ. ಕಾಪಿ ಎಡಿಟರ್ ಹಸ್ತಪ್ರತಿಯ ಭಾಷೆ, ತರ್ಕ, ಮಾಹಿತಿ ತಿದ್ದುತ್ತಾರೆ. ಪುಟವಿನ್ಯಾಸ ಮಾಡುವವರು ಅದನ್ನು ಪುಟಗಳಲ್ಲಿ ಕೂರಿಸುತ್ತಾರೆ. ಆಮೇಲೆ ಕರಡು ತಿದ್ದುವವರು, ಅಂದರೆ ಪ್ರೂಫ್‌ರೀಡರ್, ಪುಟಗಳನ್ನು ಮೂಲದ ಜೊತೆ ಹೋಲಿಸಿ ಓದುತ್ತಾರೆ. ಪ್ರೊಡಕ್ಷನ್‌ನವರು ಕಾಗದ, ಮುದ್ರಣ, ಹೊಲಿಗೆ ನೋಡಿಕೊಳ್ಳುತ್ತಾರೆ. ಅನುವಾದ ಮತ್ತು ಸಿನಿಮಾ ಹಕ್ಕುಗಳನ್ನು ರೈಟ್ಸ್ ವಿಭಾಗ ನೋಡುತ್ತದೆ.

ಎಚ್ಚರಿಕೆ: ಕಾಪಿ ಎಡಿಟರ್ ಮತ್ತು ಕರಡು ತಿದ್ದುವವರು ಒಂದೇ ಅಲ್ಲ. ಕಾಪಿ ಎಡಿಟಿಂಗ್ ಪುಟವಿನ್ಯಾಸಕ್ಕೆ ಮುಂಚೆ, ಕರಡು ತಿದ್ದುವುದು ಆಮೇಲೆ. ಕರಡಿನ ಹಂತದಲ್ಲಿ ಕುಳಿತು ವಾಕ್ಯಗಳನ್ನೇ ಹೊಸದಾಗಿ ಬರೆಯಲು ಶುರು ಮಾಡಿದರೆ ಸಾಲುಗಳು ಮುಂದಕ್ಕೆ ಸರಿಯುತ್ತವೆ, ಪುಟಸಂಖ್ಯೆ ಬದಲಾಗುತ್ತದೆ, ಪರಿವಿಡಿ ಸುಳ್ಳಾಗುತ್ತದೆ. ಒಂದು ತಪ್ಪು ತಿದ್ದಲು ಹೋಗಿ ಹತ್ತು ಹೊಸ ತಪ್ಪು ಹುಟ್ಟುವುದು ಹೀಗೆಯೇ. ಸಣ್ಣ ಕಚೇರಿಯಲ್ಲಿ ಎರಡೂ ಕೆಲಸ ಒಬ್ಬರೇ ಮಾಡಬೇಕಾಗಬಹುದು. ಆಗಲೂ ಎರಡನ್ನೂ ಬೇರೆ ಬೇರೆ ದಿನ ಮಾಡಿ.

ಈಗ ನೋಟ್‌ಬುಕ್ಕಿನಲ್ಲಿ ಪ್ರತಿ ಹುದ್ದೆಯ ಮುಂದೆ ಮೂರು ವಿಷಯ ಬರೆಯಿರಿ. ಅವರಿಗೆ ಕೆಲಸ ಯಾರಿಂದ ಬರುತ್ತದೆ? ಯಾರಿಗೆ ಹೋಗುತ್ತದೆ? ‘ಸರಿ ಇದೆ’ ಎಂದು ಸಹಿ ಹಾಕುವವರು ಯಾರು? ಮೂರನೆಯದಕ್ಕೆ ಉತ್ತರ ಸಿಗದ ಜಾಗ ಕಂಡರೆ ಅದರ ಸುತ್ತ ಕೆಂಪು ಗೆರೆ ಎಳೆಯಿರಿ. ತಪ್ಪು ದಾಟಿಕೊಂಡು ಹೋಗುವುದು ಅಲ್ಲೇ.

2. ಬಾಯಿಮಾತಿನ ಕೆಲಸ ತೆಗೆದುಕೊಳ್ಳಬೇಡಿ

‘ಅದೇ ಹಳೇ ಜಾಹೀರಾತು, ದಿನಾಂಕ ಒಂದು ಬದಲಿಸಿಬಿಡಿ’ ಎಂದು ಫೋನಿನಲ್ಲಿ ಹೇಳುತ್ತಾರೆ. ಹಳೆಯದು ಎಂದರೆ ಯಾವುದು? ಕಳೆದ ವಾರದ್ದೋ, ಕಳೆದ ವರ್ಷದ್ದೋ? ಫೋನ್ ಇಟ್ಟ ತಕ್ಷಣ ಎರಡು ಸಾಲಿನ ಸಂದೇಶ ಕಳಿಸಿ. ‘ನೀವು ಹೇಳಿದ್ದು ಇದು ಎಂದು ಅರ್ಥ ಮಾಡಿಕೊಂಡಿದ್ದೇನೆ, ಸರಿ ತಾನೆ?’ ಅಂತ ಕೇಳಿ. ‘ಸರಿ’ ಎಂಬ ಉತ್ತರ ಬಂದ ಮೇಲೆ ಕೆಲಸ ಶುರು ಮಾಡಿ. ಹೀಗೆ ಕೇಳುವುದನ್ನು ಯಾರೂ ಅವಮಾನ ಅಂದುಕೊಳ್ಳುವುದಿಲ್ಲ. ಅಂದುಕೊಂಡರೂ ಕೇಳಿ.

ಹಿಂದಿನ ಜಾಹೀರಾತಿನ ಫೈಲ್ ಮೇಲೆಯೇ ಹೊಸದನ್ನು ಕಟ್ಟಬೇಕಾಗಿ ಬಂದರೆ, ಬದಲಾಗಬೇಕಾದ ಎಲ್ಲವನ್ನೂ ಮೊದಲು ಅಳಿಸಿ ಅಲ್ಲಿ ಕೆಂಪು ಬಣ್ಣದಲ್ಲಿ ‘ಇಲ್ಲಿ ದಿನಾಂಕ’, ‘ಇಲ್ಲಿ ವಿಳಾಸ’ ಎಂದು ಹಾಕಿ. ಹಳೆಯ ಮಾಹಿತಿ ನೋಡಲು ಸರಿಯಾಗಿಯೇ ಇರುತ್ತದೆ. ಹಾಗಾಗಿ ಕಣ್ಣು ಅದನ್ನು ಹಿಡಿಯುವುದಿಲ್ಲ. ಕೆಂಪು ಅಕ್ಷರವಾದರೆ ಎದ್ದು ಕಾಣುತ್ತದೆ.

3. ಫೈಲಿನ ಹೆಸರಿಗೆ ಶಿಸ್ತು ಕೊಡಿ

‘ಫೈನಲ್’, ‘ಫೈನಲ್ 2’, ‘ಫೈನಲ್ ಇದೇ ಕೊನೇದು’. ಎಲ್ಲ ಕಚೇರಿಗಳಲ್ಲೂ ಇಂಥ ಫೈಲುಗಳಿರುತ್ತವೆ. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ 2010ರಲ್ಲಿ ಅಮೆರಿಕದ ಲೇಖಕ ಜೊನಾಥನ್ ಫ್ರಾನ್ಸೆನ್ ಅವರ ‘ಫ್ರೀಡಂ’ ಕಾದಂಬರಿಯ ಬ್ರಿಟಿಷ್ ಆವೃತ್ತಿಗೆ ಆದದ್ದು ಇದೇ. ಕೊನೆಯ ತಿದ್ದುಪಡಿ ಸೇರಿದ ಫೈಲ್ ಬಿಟ್ಟು, ಅದಕ್ಕಿಂತ ಹಿಂದಿನ ಫೈಲ್ ಮುದ್ರಣಕ್ಕೆ ಹೋಗಿಬಿಟ್ಟಿತ್ತು. ತಿದ್ದಿದ್ದ ತಪ್ಪುಗಳೆಲ್ಲ ಪುಸ್ತಕದಲ್ಲಿ ಹಾಗೇ ಉಳಿದವು. ಪ್ರಕಾಶಕರು ಆ ಮುದ್ರಣವನ್ನು ಹಿಂದಕ್ಕೆ ಪಡೆದು, ಕೊಂಡವರಿಗೆ ಸರಿಯಾದ ಪ್ರತಿ ಬದಲಿಸಿಕೊಡಬೇಕಾಯಿತು. ಅಲ್ಲಿ ಕಾಪಿ ಎಡಿಟರ್ ತಪ್ಪು ಮಾಡಿರಲಿಲ್ಲ, ಲೇಖಕರೂ ಮಾಡಿರಲಿಲ್ಲ. ಕೈ ಬದಲಾದ ಆ ಒಂದು ಕ್ಷಣದಲ್ಲಿ ಎಲ್ಲರ ಕೆಲಸವೂ ಹಾಳಾಯಿತು.

ಹೀಗೆ ಮಾಡಿ. ಫೈಲಿನ ಹೆಸರಿನಲ್ಲಿ ಕೆಲಸದ ಹೆಸರು, ವರ್ಷ-ತಿಂಗಳು-ದಿನ, ಆವೃತ್ತಿ ಸಂಖ್ಯೆ, ಈ ಮೂರೂ ಇರಲಿ. ವರ್ಷವನ್ನು ಮೊದಲು ಬರೆದರೆ ಕಂಪ್ಯೂಟರ್ ತಾನಾಗಿಯೇ ಕ್ರಮದಲ್ಲಿ ಜೋಡಿಸುತ್ತದೆ. ಹೆಸರಿನಲ್ಲಿ ‘ಫೈನಲ್’ ಎಂಬ ಪದವನ್ನೇ ಬಳಸಬೇಡಿ. ಒಪ್ಪಿಗೆ ಸಿಕ್ಕ ಫೈಲನ್ನು ಬೇರೆ ಫೋಲ್ಡರಿಗೆ ಹಾಕಿ, ಆ ಫೋಲ್ಡರಿನಲ್ಲಿ ಒಂದು ಕೆಲಸಕ್ಕೆ ಒಂದೇ ಫೈಲ್ ಇರುವ ಹಾಗೆ ನೋಡಿಕೊಳ್ಳಿ. ಮುದ್ರಣಕ್ಕೆ ಕಳಿಸಿದ ಮೇಲೆ, ಕಳಿಸಿದ ಫೈಲನ್ನೇ ಮತ್ತೆ ಇಳಿಸಿಕೊಂಡು ತೆರೆಯಿರಿ. ಕೊನೆಯ ಸುತ್ತಿನಲ್ಲಿ ಮಾಡಿದ ಮೂರು ತಿದ್ದುಪಡಿ ಅದರಲ್ಲಿ ಇವೆಯಾ ನೋಡಿ. ಐದು ನಿಮಿಷದ ಕೆಲಸ ಇದು. ಇಡೀ ಲೇಖನದಲ್ಲಿ ಒಂದೇ ಒಂದು ಅಭ್ಯಾಸ ಆರಿಸಿಕೊಳ್ಳಿ ಎಂದರೆ ನಾನು ಇದನ್ನೇ ಆರಿಸುತ್ತೇನೆ.

4. ಕರಡನ್ನು ನಾಲ್ಕು ಸಲ, ನಾಲ್ಕು ರೀತಿ ಓದಿ

ಒಂದೇ ಓದಿನಲ್ಲಿ ಎಲ್ಲ ತಪ್ಪೂ ಸಿಗುವುದಿಲ್ಲ. ಅರ್ಥ ಗೊತ್ತಿರುವ ಸಾಲನ್ನು ಓದುವಾಗ ಕಣ್ಣು ಅಕ್ಷರ ನೋಡುವುದಿಲ್ಲ, ಮನಸ್ಸಿನಲ್ಲಿರುವುದನ್ನೇ ಓದಿಕೊಳ್ಳುತ್ತದೆ. ನೀವೇ ಬರೆದದ್ದಾದರೆ ಇನ್ನೂ ಕಷ್ಟ. ಅದಕ್ಕೇ ಪ್ರತಿ ಸಲ ಬೇರೆ ಉದ್ದೇಶ ಇಟ್ಟುಕೊಂಡು ಓದಬೇಕು. ಸಾಧ್ಯವಿದ್ದರೆ ಕಾಗದದ ಮೇಲೆ ಪ್ರಿಂಟ್ ತೆಗೆದುಕೊಳ್ಳಿ.

ಮೊದಲ ಓದು ದೊಡ್ಡ ಅಕ್ಷರಗಳದ್ದು. ತಲೆಬರಹ, ಮುಖಪುಟ, ಪುಸ್ತಕದ ಬೆನ್ನು, ಬ್ರ್ಯಾಂಡಿನ ಹೆಸರು, ಲೇಖಕರ ಹೆಸರು, ಚಿತ್ರದಡಿಯ ಸಾಲು. ವಿಚಿತ್ರ ಅನ್ನಿಸಬಹುದು, ಆದರೆ ದೊಡ್ಡ ಅಕ್ಷರದಲ್ಲಿ ತಪ್ಪಾಗಲು ಸಾಧ್ಯವೇ ಇಲ್ಲ ಅಂತ ಎಲ್ಲರೂ ಅದನ್ನು ಬಿಟ್ಟು ಸಣ್ಣ ಅಕ್ಷರ ಓದಲು ಹೋಗುತ್ತಾರೆ. ತಲೆಬರಹವನ್ನು ಒಂದೊಂದೇ ಅಕ್ಷರ ಬೆರಳಿಟ್ಟು ಓದಿ.

ಎರಡನೇ ಓದು ಅಂಕಿಗಳದ್ದು. ಬೆಲೆ, ದಿನಾಂಕ, ವಾರ, ಫೋನ್ ನಂಬರ್, ಪುಟಸಂಖ್ಯೆ. ದಿನಾಂಕಕ್ಕೂ ವಾರಕ್ಕೂ ತಾಳೆ ಇದೆಯಾ ಎಂದು ಕ್ಯಾಲೆಂಡರ್ ತೆಗೆದು ನೋಡಿ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ಸಮಾರಂಭದ ಆಹ್ವಾನ ಪತ್ರಿಕೆಯಲ್ಲಿ ದಿನಾಂಕ ಸರಿ ಇತ್ತು, ವಾರ ತಪ್ಪಿತ್ತು. ಅರ್ಧ ಜನ ಹಿಂದಿನ ದಿನವೇ ಬಂದು ಮುಚ್ಚಿದ ಬಾಗಿಲು ನೋಡಿ ಹೋದರು. ಅವತ್ತಿನಿಂದ ಕ್ಯಾಲೆಂಡರ್ ನೋಡದೆ ಒಂದೂ ದಿನಾಂಕ ಬಿಟ್ಟಿಲ್ಲ. ಫೋನ್ ನಂಬರಿಗೆ ನೀವೇ ಕರೆ ಮಾಡಿ ನೋಡಿ. ಕ್ಯೂಆರ್ ಕೋಡ್ ಇದ್ದರೆ ಪ್ರಿಂಟ್ ತೆಗೆದ ಹಾಳೆಯ ಮೇಲೆಯೇ ಸ್ಕ್ಯಾನ್ ಮಾಡಿ, ಎರಡು ಬೇರೆ ಬೇರೆ ಫೋನಿನಲ್ಲಿ.

ಅಂಕಿಯ ತಪ್ಪು ಎಷ್ಟು ದೂರ ಹೋಗಬಹುದು ಅನ್ನುವುದಕ್ಕೆ 1992ರ ಫಿಲಿಪ್ಪೀನ್ಸ್ ಘಟನೆ ಇದೆ. ಪೆಪ್ಸಿ ಅಲ್ಲಿ ಬಾಟಲಿ ಮುಚ್ಚಳದೊಳಗೆ ಸಂಖ್ಯೆ ಮುದ್ರಿಸಿ, ದಿನವೂ ಗೆದ್ದ ಸಂಖ್ಯೆ ಪ್ರಕಟಿಸುವ ಸ್ಪರ್ಧೆ ನಡೆಸುತ್ತಿತ್ತು. ಮೇ 25ರಂದು 349 ಎಂಬ ಸಂಖ್ಯೆಯನ್ನು ಬಹುಮಾನದ ಸಂಖ್ಯೆ ಎಂದು ಘೋಷಿಸಿತು. ಆದರೆ ಆ ಸಂಖ್ಯೆ ಲಕ್ಷಗಟ್ಟಲೆ ಮುಚ್ಚಳಗಳಲ್ಲಿ ಆಗಲೇ ಅಚ್ಚಾಗಿತ್ತು. ದೊಡ್ಡ ಬಹುಮಾನ 10 ಲಕ್ಷ ಪೆಸೊ. ಅಷ್ಟೂ ಜನಕ್ಕೆ ಕೊಡಲು ಕಂಪನಿ ಒಪ್ಪಲಿಲ್ಲ. ಗಲಭೆಗಳಾದವು, ಪ್ರಾಣವೂ ಹೋಯಿತು, ಮೊಕದ್ದಮೆಗಳು ವರ್ಷಗಟ್ಟಲೆ ನಡೆದವು.

ಮೂರನೇ ಓದು ಅರ್ಥದ್ದು. ಇದನ್ನು ಗಟ್ಟಿಯಾಗಿ ಓದಿ. ಇನ್ನೊಬ್ಬರು ಮೂಲ ಪ್ರತಿ ಹಿಡಿದುಕೊಂಡಿದ್ದರೆ ಬಹಳ ಒಳ್ಳೆಯದು. ಬಿಟ್ಟುಹೋದ ಪದ ಕಣ್ಣಿಗಿಂತ ಕಿವಿಗೆ ಬೇಗ ಸಿಗುತ್ತದೆ. 1631ರಲ್ಲಿ ಲಂಡನ್ನಿನಲ್ಲಿ ರಾಬರ್ಟ್ ಬಾರ್ಕರ್ ಮತ್ತು ಮಾರ್ಟಿನ್ ಲೂಕಸ್ ಅಚ್ಚು ಹಾಕಿದ ಬೈಬಲ್ಲಿನಲ್ಲಿ ‘ವ್ಯಭಿಚಾರ ಮಾಡಬಾರದು’ ಎಂಬ ಆಜ್ಞೆಯ ಇಂಗ್ಲಿಷ್ ಸಾಲಿನಿಂದ ‘ನಾಟ್’ ಎಂಬ ಒಂದೇ ಪದ ಬಿಟ್ಟುಹೋಯಿತು. ಆಜ್ಞೆ ತಲೆಕೆಳಗಾಯಿತು. ಅವರಿಗೆ 300 ಪೌಂಡ್ ದಂಡ ಬಿತ್ತು, ಮುದ್ರಣದ ಪರವಾನಗಿಯೂ ಹೋಯಿತು. ಆ ಬೈಬಲನ್ನು ಇವತ್ತಿಗೂ ‘ವಿಕೆಡ್ ಬೈಬಲ್’ ಎಂದೇ ಕರೆಯುತ್ತಾರೆ.

ಕನ್ನಡದಲ್ಲಿ ಇಂಥ ಅಪಾಯ ಇನ್ನೂ ಹತ್ತಿರದಲ್ಲಿದೆ. ನಮ್ಮ ‘ಇಲ್ಲ’ ಕ್ರಿಯಾಪದದ ಬಾಲಕ್ಕೆ ಅಂಟಿಕೊಂಡಿರುತ್ತದೆ. ‘ಬರುವುದಿಲ್ಲ’ ಎಂಬುದರಲ್ಲಿ ಒಂದು ಗುಣಿತ ತಪ್ಪಿದರೆ ‘ಬರುವುದೆಲ್ಲ’ ಆಗುತ್ತದೆ. ‘ಕೊಡದ’ ಎಂಬುದು ‘ಕೊಡುವ’ ಆಗಲು ಹೆಚ್ಚು ಹೊತ್ತು ಬೇಡ. ಹಾಗಾಗಿ ಷರತ್ತು, ಎಚ್ಚರಿಕೆ, ಔಷಧಿಯ ಸೂಚನೆ ಇರುವ ಕಡೆ ಎಲ್ಲ ನಿಷೇಧ ಪದಗಳಿಗೂ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಒಂದೊಂದನ್ನೇ ನೋಡಿ.

ಎಚ್ಚರಿಕೆ: ಸ್ಪೆಲ್‌ಚೆಕ್ ನಂಬಿ ಕೂರಬೇಡಿ. ಅದು ಇಲ್ಲದ ಪದವನ್ನು ಹಿಡಿಯುತ್ತದೆ, ಇರುವ ಪದ ತಪ್ಪು ಜಾಗದಲ್ಲಿ ಬಂದರೆ ಬಿಟ್ಟುಬಿಡುತ್ತದೆ. 2010ರಲ್ಲಿ ಪೆಂಗ್ವಿನ್‌ನ ಆಸ್ಟ್ರೇಲಿಯಾ ಶಾಖೆ ಪ್ರಕಟಿಸಿದ ಒಂದು ಅಡುಗೆ ಪುಸ್ತಕದಲ್ಲಿ ಕರಿಮೆಣಸು ಎಂದಿರಬೇಕಾದ ಕಡೆ ‘ಪೆಪ್ಪರ್’ ಹೋಗಿ ‘ಪೀಪಲ್’ ಬಂದಿತ್ತು. ‘ಹೊಸದಾಗಿ ಪುಡಿ ಮಾಡಿದ ಕಪ್ಪು ಜನರು’ ಎಂಬ ಅರ್ಥದ ಸಾಲು ಅಚ್ಚಾಯಿತು. ದಾಸ್ತಾನಿನಲ್ಲಿದ್ದ 7,000 ಪ್ರತಿಗಳನ್ನು ನಾಶ ಮಾಡಬೇಕಾಯಿತು. ಕನ್ನಡದಲ್ಲಿ ಲ-ಳ ಒಂದೇ ಸಾಕು: ಹಲ್ಲಿ-ಹಳ್ಳಿ, ಬೆಲೆ-ಬೆಳೆ, ಕಾಲು-ಕಾಳು. ಎಲ್ಲವೂ ಸರಿಯಾದ ಪದಗಳೇ, ಸ್ಪೆಲ್‌ಚೆಕ್ ಕೆಂಪು ಗೆರೆ ಹಾಕುವುದಿಲ್ಲ. ಇಂಥ ಜೋಡಿಗಳ ಪಟ್ಟಿ ಮಾಡಿಕೊಂಡು, ಮುದ್ರಣಕ್ಕೆ ಮುಂಚೆ ಫೈಲಿನಲ್ಲಿ ಒಂದೊಂದನ್ನೂ ಹುಡುಕಿ ನೋಡಿ.

ನಾಲ್ಕನೇ ಓದು ಪುಟದ ರೂಪದ್ದು. ಇಲ್ಲಿ ಓದುವುದಕ್ಕಿಂತ ನೋಡುವುದು ಜಾಸ್ತಿ. ಸುಮ್ನೆ ಜಾಗ ತುಂಬಲು ಹಾಕಿದ್ದ ಅರ್ಥವಿಲ್ಲದ ಲ್ಯಾಟಿನ್ ಸಾಲುಗಳು, ಅಂದರೆ ಡಮ್ಮಿ ಪಠ್ಯ, ಉಳಿದಿವೆಯಾ? ವಿನ್ಯಾಸಕರಿಗೆ ಬರೆದ ಟಿಪ್ಪಣಿ ಪುಟದೊಳಗೇ ಉಳಿದಿದೆಯಾ? ಎದುರುಬದುರು ಪುಟಗಳಲ್ಲಿ ಯಾವ ಚಿತ್ರದ ಪಕ್ಕ ಯಾವ ತಲೆಬರಹ ಬಂದಿದೆ? ಸಾವಿನ ಸುದ್ದಿಯ ಪಕ್ಕ ಖುಷಿಯ ಜಾಹೀರಾತು ಕೂರುವುದು ಯಾರ ದುರುದ್ದೇಶವೂ ಅಲ್ಲ, ಪುಟವನ್ನು ಇಡಿಯಾಗಿ ಯಾರೂ ನೋಡಿರುವುದಿಲ್ಲ ಅಷ್ಟೇ. ಆದರೆ ನೊಂದವರಿಗೆ ಆ ವಿವರಣೆಯಿಂದ ಏನೂ ಸಮಾಧಾನ ಸಿಗುವುದಿಲ್ಲ.

ಕರಡಿನ ಮೇಲೆ ಗುರುತು ಹಾಕುವಾಗ ತಿದ್ದುಪಡಿಯನ್ನು ಸಾಲಿನ ಒಳಗೆ ತುರುಕಬೇಡಿ, ಅಂಚಿನಲ್ಲಿ ಬರೆಯಿರಿ. ತಪ್ಪಾಗಿ ಹೊಡೆದು ಹಾಕಿದ್ದರೆ ಅದರ ಕೆಳಗೆ ಚುಕ್ಕಿ ಇಟ್ಟು ‘ಇದ್ದಂತೆ ಇರಲಿ’ ಎಂದು ಬರೆಯಿರಿ. ಇಂಗ್ಲಿಷ್ ಕರಡುಗಳಲ್ಲಿ ಇದಕ್ಕೆ ‘ಸ್ಟೆಟ್’ ಅನ್ನುತ್ತಾರೆ.

5. ಕನ್ನಡ ಅಕ್ಷರ ಒಡೆಯದಂತೆ ನೋಡಿಕೊಳ್ಳಿ

ಇದು ನಮ್ಮ ಲಿಪಿಯಲ್ಲಿ ಕೆಲಸ ಮಾಡುವವರ ವಿಶೇಷ ಕಷ್ಟ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಟೈಪ್ ಮಾಡಿದ ಪಠ್ಯವನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ, ಬದಲಿಸುವಾಗ ಒತ್ತಕ್ಷರ ಮತ್ತು ಅರ್ಕಾವತ್ತು ಜಾಗ ತಪ್ಪಬಹುದು. ‘ರ‍್ಯಾಂಕ್’ ಹೋಗಿ ‘ರ್ಯಾಂಕ್’ ಆಗಬಹುದು. ಉದ್ಧರಣ ಚಿಹ್ನೆಗಳೂ ಬೇರೇನೋ ಆಗಿರುತ್ತವೆ. ಆದ್ದರಿಂದ ಕರಡು ಓದುವುದು ಪರಿವರ್ತನೆ ಆದ ಮೇಲೆ ಇರಲಿ, ಮುಂಚೆ ಓದಿದ್ದು ಲೆಕ್ಕಕ್ಕಿಲ್ಲ.

ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ ಪಠ್ಯ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಪ್ಯಾರಾಗ್ರಾಫ್ ಆಯ್ಕೆಯಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸಿದರೆ ಸರಿಯಾಗುತ್ತದೆ.

ಎಚ್ಚರಿಕೆ: ಮುದ್ರಣಾಲಯದವರು ‘ಕರ್ವ್ಸ್ ಮಾಡಿ ಕಳಿಸಿ’ ಎಂದು ಕೇಳುತ್ತಾರೆ. ಅಕ್ಷರವನ್ನು ಚಿತ್ರದ ಗೆರೆಯಾಗಿ ಬದಲಿಸುವುದೇ ಕರ್ವ್ಸ್. ಹಾಗೆ ಮಾಡಿದರೆ ಅವರ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೂ ಅಕ್ಷರ ಕೆಡುವುದಿಲ್ಲ. ಆದರೆ ಆಮೇಲೆ ಒಂದು ಕೊಂಬು, ದೀರ್ಘವನ್ನೂ ಟೈಪ್ ಮಾಡಿ ತಿದ್ದಲು ಆಗುವುದಿಲ್ಲ. ತಿದ್ದಬಹುದಾದ ಮೂಲ ಫೈಲನ್ನು ಬೇರೆ ಇಟ್ಟುಕೊಂಡೇ ಕರ್ವ್ಸ್ ಮಾಡಿ.

6. ಮುದ್ರಣಕ್ಕೆ ಬಿಡುವ ಮುಂಚಿನ ತಾಂತ್ರಿಕ ತಪಾಸಣೆ

ಇಲ್ಲಿ ಜಾಸ್ತಿ ವಿವರಿಸುವುದಿಲ್ಲ, ನಿಮ್ಮ ಮುದ್ರಕರು ಹೇಳುವುದೇ ಕೊನೆಯ ಮಾತು. ಸಾಮಾನ್ಯವಾಗಿ ನೋಡಬೇಕಾದದ್ದು ಇಷ್ಟು. ಅಂಚಿನವರೆಗೆ ಬಣ್ಣ ಇರುವ ಪುಟಕ್ಕೆ ಸುತ್ತಲೂ 3 ಮಿಲಿಮೀಟರ್ ಹೆಚ್ಚುವರಿ ಬಣ್ಣ ಬಿಡಿ. ಇದನ್ನು ಬ್ಲೀಡ್ ಅನ್ನುತ್ತಾರೆ. ಇಲ್ಲದಿದ್ದರೆ ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಗೆರೆ ಉಳಿಯುತ್ತದೆ. ಚಿತ್ರಗಳು ಅಚ್ಚಾಗುವ ಅಳತೆಯಲ್ಲಿ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ, ಇರಲಿ. ಬಣ್ಣ ಸಿಎಂವೈಕೆ, ಅಂದರೆ ನಾಲ್ಕು ಶಾಯಿಯ ವಿಧಾನದಲ್ಲಿರಲಿ. ಪರದೆಯ ಮೇಲಿನ ಹೊಳೆಯುವ ಹಸಿರು, ಕೇಸರಿ ಬಣ್ಣಗಳು ಕಾಗದದ ಮೇಲೆ ಮಂಕಾಗುತ್ತವೆ ಎಂದು ಗ್ರಾಹಕರಿಗೆ ಮೊದಲೇ ಹೇಳಿ. ಸಣ್ಣ ಅಕ್ಷರಗಳು ಕಪ್ಪು ಶಾಯಿ ಒಂದರಲ್ಲೇ ಇರಲಿ. ನಾಲ್ಕು ಶಾಯಿ ಸೇರಿಸಿ ಮಾಡಿದ ಕಪ್ಪು ಕೂದಲೆಳೆಯಷ್ಟು ಸರಿದರೂ ಅಕ್ಷರ ಮಸುಕಾಗುತ್ತದೆ.

ಪುಸ್ತಕದ ಬೆನ್ನಿನ ಅಗಲವನ್ನು ಊಹಿಸಬೇಡಿ. ಪುಟಗಳ ಸಂಖ್ಯೆಯನ್ನು ಎರಡರಿಂದ ಭಾಗಿಸಿ, ಒಂದು ಹಾಳೆಯ ದಪ್ಪದಿಂದ ಗುಣಿಸಿ. 192 ಪುಟ ಎಂದರೆ 96 ಹಾಳೆ. ಹಾಳೆಯ ದಪ್ಪ 0.1 ಮಿಲಿಮೀಟರ್ ಆದರೆ ಬೆನ್ನು 9.6 ಮಿಲಿಮೀಟರ್. ಕೊನೆಯ ಗಳಿಗೆಯಲ್ಲಿ ಕಾಗದ ಬದಲಾದರೆ ಮುಖಪುಟದ ಫೈಲೂ ಬದಲಾಗಬೇಕು. ಪ್ರೊಡಕ್ಷನ್‌ನವರು ಕಾಗದ ಬದಲಿಸಿ ವಿನ್ಯಾಸಕರಿಗೆ ಹೇಳದೇ ಇರುವುದು ಪದೇ ಪದೇ ಆಗುವ ತಪ್ಪು.

ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತು ಸಂಖ್ಯೆ, 2007ರಿಂದ 13 ಅಂಕಿಯದು. ಅದು ಸರಿಯಾಗಿ ಟೈಪ್ ಆಗಿದೆಯಾ ಎಂದು ನೀವೇ ಲೆಕ್ಕ ಹಾಕಬಹುದು. ಮೊದಲ ಅಂಕಿಯನ್ನು 1ರಿಂದ, ಎರಡನೆಯದನ್ನು 3ರಿಂದ, ಮತ್ತೆ 1, ಮತ್ತೆ 3, ಹೀಗೆ ಗುಣಿಸುತ್ತಾ ಹೋಗಿ ಎಲ್ಲ ಕೂಡಿಸಿ. ಮೊತ್ತ 10ರಿಂದ ಪೂರ್ತಿ ಭಾಗವಾಗಬೇಕು. 9780306406157 ಎಂಬ ಸಂಖ್ಯೆಗೆ ಮೊದಲ 12 ಅಂಕಿಗಳ ಮೊತ್ತ 93, ಕೊನೆಯ 7 ಸೇರಿದರೆ 100. ಭಾಗವಾಗದಿದ್ದರೆ ಎಲ್ಲೋ ಅಂಕಿ ತಪ್ಪಿದೆ.

7. ಕೊಟ್ಟ ಮಾತು ಮತ್ತು ಬಳಸಿದ ಚಿತ್ರ

ಜಾಹೀರಾತಿನಲ್ಲಿ ಬರೆದದ್ದು ಬರೀ ಬಣ್ಣದ ಮಾತು ಎಂದು ಆಮೇಲೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. 1891ರಲ್ಲಿ ಇಂಗ್ಲೆಂಡಿನ ಕಾರ್ಬಾಲಿಕ್ ಸ್ಮೋಕ್ ಬಾಲ್ ಕಂಪನಿ, ತನ್ನ ಸಾಧನವನ್ನು ಹೇಳಿದಂತೆ ಬಳಸಿದ ಮೇಲೂ ಫ್ಲೂ ಬಂದರೆ 100 ಪೌಂಡ್ ಕೊಡುತ್ತೇವೆ, ಅದಕ್ಕಾಗಿ ಬ್ಯಾಂಕಿನಲ್ಲಿ 1,000 ಪೌಂಡ್ ಇಟ್ಟಿದ್ದೇವೆ ಎಂದು ಜಾಹೀರಾತು ಕೊಟ್ಟಿತು. ಕಾರ್ಲಿಲ್ ಎಂಬ ಮಹಿಳೆ ಬಳಸಿದರು, ಫ್ಲೂ ಬಂತು, ಹಣ ಕೇಳಿದರು. ಅದು ಸುಮ್ಮನೆ ಹೇಳಿದ ಮಾತು ಎಂದು ಕಂಪನಿ ವಾದಿಸಿತು. ನ್ಯಾಯಾಲಯ ಒಪ್ಪಲಿಲ್ಲ, ಹಣ ಕೊಡಲೇಬೇಕಾಯಿತು. ಕಾನೂನು ಓದುವವರು ಇವತ್ತಿಗೂ ಈ ಮೊಕದ್ದಮೆ ಓದುತ್ತಾರೆ.

ಆದ್ದರಿಂದ ‘ಉಚಿತ’, ‘ಖಚಿತ’, ‘ಎಲ್ಲರಿಗೂ’, ‘ನಂಬರ್ 1’ ಎಂಬ ಪದಗಳು ಕಂಡ ತಕ್ಷಣ ಕಾಪಿರೈಟರ್ ನಿಲ್ಲಬೇಕು. ಆಧಾರದ ಕಾಗದ ಕ್ಲೈಂಟ್ ಸರ್ವಿಸಿಂಗ್‌ನವರ ಫೈಲಿನಲ್ಲಿ ಇದೆಯಾ ಎಂದು ಕೇಳಬೇಕು. ಚಿತ್ರಗಳಿಗೂ ಹೀಗೆಯೇ. ಇಂಟರ್ನೆಟ್ಟಿನಲ್ಲಿ ಸಿಕ್ಕಿದೆ ಎಂದರೆ ಬಳಸಬಹುದು ಎಂದಲ್ಲ. ಚಿತ್ರದ ಪರವಾನಗಿ, ಅದರಲ್ಲಿರುವ ವ್ಯಕ್ತಿಯ ಒಪ್ಪಿಗೆ ಪತ್ರ, ಎರಡೂ ಬೇರೆ ಬೇರೆ. ಒಂದಿದ್ದ ಮಾತ್ರಕ್ಕೆ ಇನ್ನೊಂದು ಇದ್ದಂತಾಗುವುದಿಲ್ಲ.

8. ತಪ್ಪು ಆಗಿಯೇ ಹೋಯಿತು: ಮೊದಲ ಒಂದು ಗಂಟೆ

ಇಷ್ಟೆಲ್ಲ ಮಾಡಿದರೂ ತಪ್ಪು ಆಗುತ್ತದೆ. ಎಷ್ಟೇ ಅನುಭವ ಇರಲಿ, ಆಗುತ್ತದೆ. ಎದೆ ಧಸಕ್ಕೆನ್ನುವ ಆ ಗಳಿಗೆಯಲ್ಲಿ ಏನು ಮಾಡಬೇಕು ಎನ್ನುವುದನ್ನು ಮೊದಲೇ ಗೊತ್ತು ಮಾಡಿಕೊಂಡಿರಿ.

ಮೊದಲು ನಿಲ್ಲಿಸಿ. ಆನ್‌ಲೈನ್ ಜಾಹೀರಾತಾದರೆ ಅದನ್ನು ತಡೆಹಿಡಿಯಿರಿ. ಮುದ್ರಣ ನಡೆಯುತ್ತಿದ್ದರೆ ಮುದ್ರಣಾಲಯಕ್ಕೆ ಫೋನ್ ಮಾಡಿ. ಇಮೇಲ್ ಬೇಡ, ಫೋನ್. ನಿಲ್ಲಿಸುವ ಅಧಿಕಾರ ನಿಮಗಿಲ್ಲದಿದ್ದರೆ ಇರುವವರನ್ನು ತಕ್ಷಣ ಹಿಡಿಯಿರಿ.

ಎರಡನೆಯದು, ಏನನ್ನೂ ಅಳಿಸಬೇಡಿ. ಫೈಲ್, ಇಮೇಲ್, ಕರಡು ಎಲ್ಲ ಇದ್ದ ಹಾಗೇ ಇರಲಿ. ಗಾಬರಿಯಲ್ಲಿ ಹಳೆಯ ಫೈಲಿನ ಮೇಲೆಯೇ ತಿದ್ದಿ ಉಳಿಸಿಬಿಟ್ಟರೆ ತಪ್ಪು ಎಲ್ಲಿ ಹುಟ್ಟಿತು ಎಂದು ಹುಡುಕಲು ಆಗುವುದಿಲ್ಲ. ನೀವು ಏನೋ ಮುಚ್ಚಿಟ್ಟಿರಿ ಎಂಬ ಅನುಮಾನವೂ ಬರುತ್ತದೆ.

ಮೂರನೆಯದು, ಹೇಳಿ. ನಿಮ್ಮ ಮೇಲಿನವರಿಗೆ ನೀವೇ ಹೇಳಿ, ಅವರಿಗೆ ಬೇರೆಯವರಿಂದ ಗೊತ್ತಾಗುವ ಮುಂಚೆ. ಇದು ಎಷ್ಟು ಕಷ್ಟ ಎಂದು ಗೊತ್ತು. ಬೆಳಗ್ಗೆ ಹೇಳೋಣ, ಯಾರೂ ಗಮನಿಸದೇ ಇರಬಹುದು ಅಂತ ಮನಸ್ಸು ಹೇಳುತ್ತದೆ. ಆದರೆ ತಡವಾದ ಪ್ರತಿ ಗಂಟೆಗೂ ಇನ್ನಷ್ಟು ಪ್ರತಿ ಅಚ್ಚಾಗುತ್ತದೆ, ಇನ್ನಷ್ಟು ಕಟ್ಟು ಲಾರಿಗೆ ಏರುತ್ತದೆ. ಸಂದೇಶ ಹೀಗಿರಲಿ:

‘ಸರ್, ಒಂದು ತಪ್ಪಾಗಿದೆ. ನಾಳೆಯ ಅರ್ಧ ಪುಟದ ಜಾಹೀರಾತಿನಲ್ಲಿ ಫೋನ್ ನಂಬರಿನ ಕೊನೆಯ ಎರಡು ಅಂಕಿ ಅದಲುಬದಲಾಗಿವೆ. ಫೈಲ್ ಸಂಜೆ 6ಕ್ಕೆ ಹೋಗಿದೆ. ಪತ್ರಿಕೆಯವರಿಗೆ ಫೋನ್ ಮಾಡಿದ್ದೇನೆ, 8ರ ಒಳಗೆ ಹೊಸ ಫೈಲ್ ಕೊಟ್ಟರೆ ಬದಲಿಸುತ್ತೇವೆ ಎಂದಿದ್ದಾರೆ. ತಿದ್ದಿದ ಫೈಲ್ ಸಿದ್ಧವಿದೆ, ನೀವು ನೋಡಿ ಒಪ್ಪಿದರೆ ಕಳಿಸುತ್ತೇನೆ.’

ಏನು ತಪ್ಪು, ಎಲ್ಲಿಯವರೆಗೆ ಹೋಗಿದೆ, ಈವರೆಗೆ ಏನು ಮಾಡಿದ್ದೀರಿ, ಅವರಿಂದ ಏನು ಬೇಕು. ಇಷ್ಟಿದ್ದರೆ ಸಾಕು. ಯಾಕಾಯಿತು, ಯಾರಿಂದಾಯಿತು ಎಂಬುದು ಈ ಸಂದೇಶದಲ್ಲಿ ಬೇಡ. ‘ನನಗೆ ಸ್ಟುಡಿಯೊದವರು ತೋರಿಸಲೇ ಇಲ್ಲ’ ಎಂಬ ಮಾತು ನಿಜವೇ ಆಗಿದ್ದರೂ ನಾಳೆಗೆ ಇರಲಿ.

ಗ್ರಾಹಕರಿಗೋ ಲೇಖಕರಿಗೋ ಹೇಳುವುದು ನಿಮ್ಮ ಮೇಲಿನವರ ಕೆಲಸ. ಅವರನ್ನು ಕೇಳದೆ ನೀವೇ ಫೋನ್ ಮಾಡಬೇಡಿ. ಒಂದೇ ಕಚೇರಿಯಿಂದ ಇಬ್ಬರು ಎರಡು ರೀತಿ ಹೇಳಿದರೆ ತಪ್ಪಿಗಿಂತ ಅದೇ ದೊಡ್ಡದಾಗುತ್ತದೆ.

9. ಪುಸ್ತಕದಲ್ಲಿ ತಪ್ಪಾಗಿದ್ದರೆ ಎಲ್ಲಿದೆ ಎಂದು ನೋಡಿ ಪರಿಹಾರ ಆರಿಸಿ

ಹಾಳೆಗಳು ಅಚ್ಚಾಗಿವೆ, ಇನ್ನೂ ಹೊಲಿಗೆ ಹಾಕಿಲ್ಲ ಎಂದಾದರೆ ತಪ್ಪಿರುವ ಫಾರಂ ಒಂದನ್ನೇ ಮತ್ತೆ ಮುದ್ರಿಸಬಹುದು. ಫಾರಂ ಎಂದರೆ ಒಟ್ಟಿಗೆ ಅಚ್ಚಾಗಿ ಮಡಿಚಿಕೊಳ್ಳುವ ಪುಟಗಳ ಗುಂಪು, ಸಾಮಾನ್ಯವಾಗಿ 16 ಪುಟ. ಹೊಲಿಗೆ ಆಗಿದ್ದರೆ ಆ ಒಂದು ಹಾಳೆ ಕತ್ತರಿಸಿ ಸರಿಯಾದ ಹಾಳೆ ಅಂಟಿಸುವುದುಂಟು. ನಿಧಾನದ ಕೆಲಸ, ಆದರೆ ಎಲ್ಲ ಪ್ರತಿ ಎಸೆಯುವುದಕ್ಕಿಂತ ಮೇಲು. ಬೆಲೆ, ಹೆಸರಿನಂಥ ಸಣ್ಣ ತಪ್ಪಿಗೆ ಸ್ಟಿಕ್ಕರ್ ಸಾಕು.

ಅಂಗಡಿಗೆ ಹೋಗಿಬಿಟ್ಟಿದ್ದರೆ ತಪ್ಪು-ಒಪ್ಪುಗಳ ಪಟ್ಟಿ ಮುದ್ರಿಸಿ ಒಳಗಿಡಿ. ಹಳೆಯ ಕನ್ನಡ ಪುಸ್ತಕಗಳ ಕೊನೆಯಲ್ಲಿ ಈ ಪಟ್ಟಿಯನ್ನು ನೀವು ನೋಡಿರುತ್ತೀರಿ. ಇದನ್ನು ಹಾಕಲು ನಾಚಿಕೆ ಬೇಡ. ಓದುಗರಿಗೆ ಕೊಡುವ ಗೌರವ ಅದು. ಯಾರದಾದರೂ ಮಾನಕ್ಕೆ ಧಕ್ಕೆ ತರುವ ಮಾತು, ಔಷಧಿಯ ಪ್ರಮಾಣ, ಪ್ರಾಣಕ್ಕೆ ಅಪಾಯ ತರುವ ಸೂಚನೆ ತಪ್ಪಾಗಿದ್ದರೆ ಮಾತ್ರ ಚರ್ಚೆಯೇ ಬೇಡ, ಪುಸ್ತಕ ಹಿಂದಕ್ಕೆ ಬರಬೇಕು.

ಆನ್‌ಲೈನ್ ಬರಹವನ್ನು ತಿದ್ದುವುದು ಸುಲಭ, ಅದೇ ಅದರ ಅಪಾಯ. ಅಕ್ಷರ ತಪ್ಪಿದ್ದರೆ ಸದ್ದಿಲ್ಲದೆ ತಿದ್ದಿ. ಮಾಹಿತಿ ತಪ್ಪಿದ್ದರೆ ಏನು ತಿದ್ದಲಾಗಿದೆ, ಯಾವತ್ತು ಎಂದು ಕೆಳಗೆ ಬರೆಯಿರಿ. ನಿನ್ನೆ ಓದಿದವರು ತಪ್ಪನ್ನೇ ನಂಬಿಕೊಂಡಿರುತ್ತಾರೆ ಅಲ್ವಾ?

10. ಗಲಾಟೆ ತಣ್ಣಗಾದ ಮೇಲೆ

ಎರಡು ಮೂರು ದಿನ ಬಿಟ್ಟು ಕುಳಿತುಕೊಳ್ಳಿ. ಆ ಕೆಲಸ ಯಾರ ಯಾರ ಕೈ ದಾಟಿತು ಎಂದು ಗಂಟೆ ಸಮೇತ ಬರೆಯಿರಿ. ತಪ್ಪು ಯಾವ ಪ್ರತಿಯಲ್ಲಿ ಮೊದಲು ಕಾಣಿಸಿತು? ಅದರ ಹಿಂದಿನ ಪ್ರತಿಯಲ್ಲಿ ಇರಲಿಲ್ಲ ತಾನೆ? ಆ ಎರಡು ಪ್ರತಿಗಳ ನಡುವೆ ಇದ್ದ ಹಂತವೇ ತಿದ್ದಬೇಕಾದ ಜಾಗ. ‘ಇನ್ನು ಮುಂದೆ ಎಲ್ಲರೂ ಹುಷಾರಾಗಿರಿ’ ಎಂಬ ಸೂಚನೆಯಿಂದ ಏನೂ ಬದಲಾಗುವುದಿಲ್ಲ. ‘ಇನ್ನು ಮುಂದೆ ಫೋನ್ ನಂಬರಿಗೆ ಟ್ರಾಫಿಕ್‌ನವರು ಕರೆ ಮಾಡಿ ನೋಡಿದ ಮೇಲೆಯೇ ಫೈಲ್ ಹೊರಗೆ ಹೋಗಬೇಕು’ ಎಂಬುದರಿಂದ ಬದಲಾಗುತ್ತದೆ.

ತಪ್ಪು ನಿಮ್ಮದಲ್ಲದಿದ್ದರೂ ನಿಮ್ಮ ತಲೆಗೆ ಕಟ್ಟಿದರೆ ಜಗಳಕ್ಕೆ ಹೋಗಬೇಡಿ. ಎರಡನೇ ಹಂತದಲ್ಲಿ ಹೇಳಿದ ಆ ಎರಡು ಸಾಲಿನ ಸಂದೇಶಗಳು ಈಗ ಉಪಯೋಗಕ್ಕೆ ಬರುತ್ತವೆ. ದಿನಾಂಕ ಸಮೇತ ಮುಂದಿಡಿ, ಜೋರು ಮಾತು ಬೇಡ. ತಪ್ಪು ನಿಮ್ಮದೇ ಆಗಿದ್ದರೆ ‘ನನ್ನಿಂದ ಆಯಿತು’ ಎಂದು ಒಂದು ಸಲ ಹೇಳಿ. ಹತ್ತು ಸಲ ಕ್ಷಮೆ ಕೇಳುತ್ತಾ ಕೂರಬೇಡಿ, ಮುಂದಿನ ಕೆಲಸ ಕಾಯುತ್ತಿರುತ್ತದೆ. ನಿಮ್ಮ ಕೈಕೆಳಗಿನವರು ಬಂದು ತಪ್ಪು ಒಪ್ಪಿಕೊಂಡಾಗ ಎಲ್ಲರ ಮುಂದೆ ಕೂಗಾಡಬೇಡಿ. ಅವರು ಮುಂದಿನ ಸಲ ಹೇಳುವುದೇ ಇಲ್ಲ.

ಒಂದು ಕೆಲಸ ಬಾಕಿ ಇದೆ, ಇದನ್ನು ಬಹಳ ಜನ ಮರೆಯುತ್ತಾರೆ. ಸ್ಟಿಕ್ಕರ್ ಅಂಟಿಸಿ, ಪಟ್ಟಿ ಇಟ್ಟು ಎಲ್ಲ ಮುಗಿಯಿತು ಅಂದುಕೊಳ್ಳುತ್ತಾರೆ, ಮೂಲ ಫೈಲನ್ನು ತಿದ್ದಿರುವುದೇ ಇಲ್ಲ. ಎರಡು ವರ್ಷ ಆದ ಮೇಲೆ ಮರುಮುದ್ರಣ ಬರುತ್ತದೆ, ಆಗಿನ ಜನ ಬೇರೆ, ಅದೇ ತಪ್ಪು ಮತ್ತೆ ಅಚ್ಚಾಗುತ್ತದೆ. ಇವತ್ತೇ ಮೂಲ ಫೈಲ್ ತೆರೆದು ತಿದ್ದಿ, ಹೊಸ ಆವೃತ್ತಿ ಸಂಖ್ಯೆ ಕೊಟ್ಟು, ತಿದ್ದಿದ ಪುಟದ ವಿವರವನ್ನು ಒಂದು ಚೀಟಿಯಲ್ಲಿ ಬರೆದು ಅದೇ ಫೋಲ್ಡರಿನಲ್ಲಿ ಇಡಿ.